ಐದನೆಯ ಹೆಸರು

ಬದುಕಿರುವಾಗಲೇ ತನ್ನ ಹೆಸರನ್ನು ಸತ್ತವರ ಕಲ್ಲಿನ ಮೇಲೆ ಓದಿಕೊಳ್ಳುವ ಯೋಗ ಎಷ್ಟು ಜನರಿಗಿದೆಯೋ ನನಗೆ ಗೊತ್ತಿಲ್ಲ. ಹಗ್ಗದಜ್ಜನಿಗಂತೂ ಇತ್ತು. ಬಂದರಿನ ಕಟ್ಟೆ ಮುಗಿಯುವಲ್ಲಿ ಒಂದು ಉದ್ದನೆಯ ಗೋಡೆಯಿದೆ. ಸಮುದ್ರಕ್ಕೆ ಹೋಗಿ ಹೆಣವಾಗಿಯೂ ಹಿಂತಿರುಗದವರ ಹೆಸರುಗಳನ್ನು ಅಲ್ಲಿ ಕೆತ್ತುತ್ತಾರೆ. ಅದರ ನಡುಭಾಗದ ಒಂದು ಕಲ್ಲಿನಲ್ಲಿ ಒಂದೇ ದೋಣಿಯ ಐವರಿದ್ದಾರೆ. ನಾಲ್ವರು ಸತ್ತು ನಲವತ್ತಮೂರು ವರ್ಷವಾಯಿತು. ಐದನೆಯವನು ಮಾತ್ರ ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಸಿಹಿನೀರು, ಕೈಯಲ್ಲಿ ಬ್ರಷ್ಷು ಹಿಡಿದು ಬಂದು, ಅಕ್ಷರಗಳಲ್ಲಿ ಕೂತ ಉಪ್ಪನ್ನು ತಿಕ್ಕಿ ತೊಳೆದು ಹೋಗುತ್ತಿದ್ದ.

"ಏನಜ್ಜ, ನಿಮ್ಮ ಸಮಾಧಿ ನೀವೇ ತೊಳ್ಕೋತಿದೀರಾ?" ಎಂದು ಕಟ್ಟೆಯ ಮೇಲಿನವರು ಕೇಳುತ್ತಿದ್ದರು.

"ನಿಮ್ಮನ್ನ ನಂಬ್ಕೊಂಡು ಸಾಯೋಕಾಗತ್ತಾ?" ಎಂದು ಅಜ್ಜ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನು ಐದನೆಯ ಹೆಸರನ್ನು ಉಳಿದ ನಾಲ್ಕಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಾನೆಂಬುದನ್ನು ಗಮನಿಸಿದವರಿದ್ದರೂ, ಅವರವರ ಹೆಸರಿನ ಮೇಲೆ ಅವರವರಿಗೆ ಪ್ರೀತಿ ಎಂದುಕೊಂಡು ಸುಮ್ಮನಾಗಿದ್ದರು.

ಅಜ್ಜನ ಕಸುಬು ಹಗ್ಗದ್ದು, ಬಂದರಿನ ಹತ್ತಿರದ ಒಂದು ಕೊಟ್ಟಿಗೆಯಲ್ಲಿ. ತುಂಡಾದ ಹಗ್ಗಗಳ ಎಳೆ ಬಿಡಿಸಿ, ಒಂದರೊಳಗೊಂದು ಹೆಣೆದು, ಜೋಡಿಸಿದ್ದು ಎಲ್ಲಿ ಎಂದು ಕಣ್ಣಿಗೆ ತಿಳಿಯದ ಹಾಗೆ ಮಾಡುವುದು. ದೋಣಿಗಳು ಕಟ್ಟೆಗೆ ಉಜ್ಜದಿರಲೆಂದು ಹಳೆಯ ಹಗ್ಗದ ದಪ್ಪ ದಿಂಡುಗಳನ್ನು ಕಟ್ಟುವುದು. ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಅಜ್ಜಿ ಕಾಲಿನಿಂದ ತುಳಿಯುವ ದೊಡ್ಡ ಹೊಲಿಗೆಯಂತ್ರದಲ್ಲಿ ಟಾರ್ಪಾಲು ಹೊಲಿಯುತ್ತಿದ್ದಳು. ಅಜ್ಜಿಯ ಸಿಟ್ಟು ಬಾಯಿಗೆ ಬರುವ ಮೊದಲು ಯಂತ್ರಕ್ಕೆ ಬರುತ್ತಿತ್ತು. ಅದು ಟಕಟಕ ಎಂದು ಓಡಿದರೆ ಅಜ್ಜ ಬಾಯಿಗೆ ಬೀಗ ಹಾಕಿಕೊಂಡು ಹಗ್ಗದ ಕಡೆ ತಿರುಗಿ ಕೂರುತ್ತಿದ್ದ. ಅದು ನಿಂತೇಹೋದರೆ ಇನ್ನೂ ಅಪಾಯ.

ಊರಿಗೆ ಗೊತ್ತಿದ್ದ ಕತೆ ಇಷ್ಟು. ಆಗ ಅಜ್ಜನಿಗೆ ಇಪ್ಪತ್ತಮೂರು. ಹತ್ತಿರದ ಬಂದರುಗಳಿಗೆ ಸರಕು ಸಾಗಿಸುವ ದೋಣಿಯೊಂದು ಮುಳುಗಿತು. ಗುಮಾಸ್ತನ ಪಟ್ಟಿಯಲ್ಲಿ ಐದು ಹೆಸರಿತ್ತು, ಐದನ್ನೂ ಕೆತ್ತಿದರು. ಹದಿನಾಲ್ಕು ತಿಂಗಳಾದ ಮೇಲೆ ಐದನೆಯವನು ಬೀದಿಯಲ್ಲಿ ನಡೆದುಕೊಂಡು ಬಂದ. ಅವನ ತಾಯಿ ಹೊಸಿಲಲ್ಲೇ ಮೂರ್ಛೆಹೋದಳು. ಎದ್ದ ಮೇಲೆ ಅವನ ಕೆನ್ನೆಗೆರಡು ಬಾರಿಸಿ, ಆಮೇಲೆ ತಬ್ಬಿಕೊಂಡಳು. "ಬೇರೆ ಹಡಗು ಸಿಕ್ತು, ಹತ್ತಿಬಿಟ್ಟೆ" ಎಂದಷ್ಟೇ ಅವನು ಹೇಳಿದ್ದು. ಗುಮಾಸ್ತ ಕಣ್ಣು ಮುಚ್ಚಿಕೊಂಡು ಬರೆದಿದ್ದಾನೆ, ದೋಣಿಯಲ್ಲಿ ಇದ್ದದ್ದು ನಾಲ್ವರೇ ಎಂದು ಊರು ತೀರ್ಮಾನಿಸಿತು. ಒಂದು ಹೆಸರು ಅಳಿಸಬೇಕೆಂದರೆ ಇಡೀ ಕಲ್ಲಿನ ಮೈ ಕೆತ್ತಿ ತಗ್ಗಿಸಬೇಕು. ಆಗಿನ ಕಲ್ಲುಕುಟಿಗ, "ಇರ್ಲಿ ಬಿಡಿ, ಇವತ್ತಲ್ಲ ನಾಳೆ ಬೇಕಾಗತ್ತೆ" ಎಂದ. ಹೆಸರು ಉಳಿದುಕೊಂಡಿತು.

ಈಗ ಆ ಕಲ್ಲುಕುಟಿಗನ ಮಗಳು ಅದೇ ಕೆಲಸ ಮಾಡುತ್ತಾಳೆ. ಅಕ್ಷರ ಕೆತ್ತುವುದರಲ್ಲಿ ಅವಳ ಕೈ ಅಪ್ಪನ ಕೈಗಿಂತ ಮೇಲು. ಊರೆಲ್ಲ ಅವಳನ್ನು ಅಕ್ಷರದಕ್ಕ ಎಂದೇ ಕರೆಯುತ್ತದೆ. ಒಂದು ಬೆಳಿಗ್ಗೆ ಅವಳು ಕಾಗದದ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹಗ್ಗದ ಕೊಟ್ಟಿಗೆಗೆ ಬಂದಳು.

"ಅಜ್ಜ, ಹಳೇ ಗೋಡೆ ಉಪ್ಪು ತಿಂದು ಉದುರ್ತಾ ಇದೆ. ಬಂದರಿನ ಸಮಿತಿಯೋರು ಹೊಸ ಕಲ್ಲು ಹಾಕಿಸ್ತಿದಾರೆ. ಎಲ್ಲ ಹೆಸರೂ ನಾನೇ ಹೊಸದಾಗಿ ಕೆತ್ತೋದು. ಅಂತೂ ನಿಮ್ಮನ್ನ ಬದುಕಿಸೋ ಪುಣ್ಯ ನನ್ನ ಪಾಲಿಗೆ ಬಂತು ನೋಡಿ. ನಿಮ್ಮ ಹೆಸರು ತೆಗೆದುಹಾಕ್ತಾ ಇದೀನಿ."

ಅಜ್ಜನ ಕೈಯಲ್ಲಿದ್ದ ದಬ್ಬಣ ಹಗ್ಗದೊಳಗೇ ನಿಂತಿತು. "ತೆಗೀಬೇಡಮ್ಮ" ಎಂದ.

"ಅಯ್ಯೋ, ಸಾಯೋದಕ್ಕೆ ಇಷ್ಟೊಂದು ಆಸೆನಾ?"

"ದೋಣೀಲಿ ಐದು ಜನ ಇದ್ರು."

"ನಾಲ್ಕು ಜನ ಅಲ್ವಾ ಅಜ್ಜ? ನೀವೇ ಇಲ್ಲಿದೀರಲ್ಲ!"

ಅಜ್ಜ ದಬ್ಬಣವನ್ನು ಮತ್ತೆ ಹಗ್ಗದೊಳಗೆ ತಳ್ಳಿದ. "ಕಲ್ಲಿನ ಕೈಲಿ ಸುಳ್ಳು ಹೇಳಿಸೋಕೆ ನನ್ನಿಂದಾಗಲ್ಲ. ಇನ್ನೊಂದು ತಿಂಗಳಿದೆ, ಏನಾದ್ರೂ ಇದ್ರೆ ಹೇಳಿ" ಎಂದು ಅಕ್ಷರದಕ್ಕ ಸುರುಳಿ ಎತ್ತಿಕೊಂಡು ಹೋದಳು. ಹೊಲಿಗೆಯಂತ್ರ ನಿಂತಿತ್ತು. ಯಾವಾಗ ನಿಂತಿತೋ ಅಜ್ಜನಿಗೆ ತಿಳಿದಿರಲಿಲ್ಲ.

"ಐದು ಜನ ಅಂದ್ರಲ್ಲ," ಅಜ್ಜಿ ಕೇಳಿದಳು, "ಯಾರ್ರೀ ಐದನೆಯೋರು?"

ಮದುವೆಯಾಗಿ ಮೂವತ್ತೊಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷ ನುಂಗಿಕೊಂಡಿದ್ದ ಮಾತನ್ನು ಅಜ್ಜ ಅಂದು ಹೊರಗೆ ಹಾಕಿದ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ.

ಐದನೆಯವನನ್ನು ಜೊತೆಯವರು ಸಿಳ್ಳೆಯಣ್ಣ ಎನ್ನುತ್ತಿದ್ದರು. ಎದ್ದರೆ ಸಿಳ್ಳೆ, ಕೂತರೆ ಸಿಳ್ಳೆ. ಅಜ್ಜನಿಗಿಂತ ನಾಲ್ಕು ವರ್ಷ ದೊಡ್ಡವನು, ಸಮುದ್ರದಿಂದ ಎರಡು ದಿನದ ದಾರಿ ದೂರದ ಊರಿನವನು. ದೊಡ್ಡ ಹಡಗಿನಲ್ಲಿ ಹದಿನಾಲ್ಕು ತಿಂಗಳ ಕೆಲಸಕ್ಕೆ ಸಹಿ ಹಾಕಿದ್ದ. ಅವನ ಬ್ಯಾಗು ಹಡಗು ಹತ್ತಿಯಾಗಿತ್ತು. ಹೊರಡುವ ಹಿಂದಿನ ಸಂಜೆ ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತವನು ಸಿಳ್ಳೆ ಹಾಕಲಿಲ್ಲ. ಹೆಂಡತಿಗೆ ದಿನ ತುಂಬಲು ಇನ್ನು ಇಪ್ಪತ್ತೈದು ದಿನ ಎಂದ. "ಈ ಹಡಗು ಹತ್ತಿದ್ರೆ ನನ್ನ ಮಗು ನಡೆಯೋದು ಕಲಿತ ಮೇಲೇನೇ ನಾನು ಅದರ ಮುಖ ನೋಡೋದು ಕಣೋ. ನಿನ್ನ ದೋಣಿ ಹತ್ತು ದಿನಕ್ಕೆ ವಾಪಸ್ ಬರತ್ತೆ. ನಿನಗೂ ದೊಡ್ಡ ಹಡಗು ನೋಡೋ ಹುಚ್ಚು ಇದೆ. ಬದಲಾಯಿಸ್ಕೊಳ್ಳೋಣ್ವಾ?"

ಬಂದರಿನಲ್ಲಿ ಇಂಥ ಅದಲುಬದಲು ಹೊಸದಲ್ಲ. ಸಿಕ್ಕಿಬಿದ್ದರೆ ಜೈಲು, ಸಿಕ್ಕಿಬೀಳದಿದ್ದರೆ ನಗು. ಗುರುತಿನ ಪುಸ್ತಕದ ಫೋಟೋದಲ್ಲಿ ಮೀಸೆಯಿದ್ದವರೆಲ್ಲ ಒಂದೇ ಥರ ಕಾಣುತ್ತಿದ್ದ ಕಾಲ. ಅಜ್ಜ ಸಿಳ್ಳೆಯಣ್ಣನ ಪುಸ್ತಕ ಹಿಡಿದು ದೊಡ್ಡ ಹಡಗು ಹತ್ತಿದ. ಸಿಳ್ಳೆಯಣ್ಣ ಅಜ್ಜನ ಜಾಗದಲ್ಲಿ ದೋಣಿ ಹತ್ತಿದ. ದೋಣಿಯ ಗುಮಾಸ್ತ ಮುಖ ನೋಡುವವನಲ್ಲ, ಕಳೆದ ಸಲದ ಪಟ್ಟಿಯನ್ನೇ ನಕಲು ಮಾಡಿಕೊಂಡ. ವಾಪಸ್ ಬಂದ ಮೇಲೆ ಅಜ್ಜನ ತಾಯಿಗೆ ವಿಷಯ ಹೇಳುವುದು ಸಿಳ್ಳೆಯಣ್ಣನ ಜವಾಬ್ದಾರಿ ಎಂದು ಮಾತಾಗಿತ್ತು. ಒಂಬತ್ತನೆಯ ದಿನ ದೋಣಿ ಮುಳುಗಿತು. ಹದಿನಾಲ್ಕು ತಿಂಗಳಾದ ಮೇಲೆ ಸಿಳ್ಳೆಯಣ್ಣನ ಹೆಸರಿನಲ್ಲಿ ಸಹಿ ಮಾಡಿ, ಕೆಲಸ ಬಿಡಿಸಿಕೊಂಡು, ಊರಿಗೆ ಬಂದು ಗೋಡೆ ನೋಡಿದಾಗಲೇ ಅಜ್ಜನಿಗೆ ಗೊತ್ತಾದದ್ದು.

"ಅವರ ಮನೆಗೆ ಹೇಳ್ಲಿಲ್ವಾ?" ಅಜ್ಜಿ ಕೇಳಿದಳು.

"ಹೋಗಿದ್ದೆ."

ಒಂದು ತಿಂಗಳು ಧೈರ್ಯ ಕೂಡಿಸಿಕೊಂಡು, ಸಿಳ್ಳೆಯಣ್ಣನ ಬ್ಯಾಗು ಹೆಗಲಿಗೆ ಹಾಕಿಕೊಂಡು ಆ ಊರಿಗೆ ಹೋಗಿದ್ದ. ಹೇಳಬೇಕಾದ ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಬಾಗಿಲು ತಟ್ಟಿದ. ಒಳಗಿನಿಂದ ಒಬ್ಬ ಹೆಂಗಸು, "ಬಂದೇ! ಒಂದೇ ನಿಮಿಷ!" ಎಂದು ಕೂಗಿದಳು. ನೀರು ಸುರಿಯುವ ಸದ್ದು, ಮಗುವಿನ ಕೇಕೆ. ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಅಜ್ಜನ ನಾಲಿಗೆ ಒಣಗಿಹೋಯಿತು. ಬ್ಯಾಗನ್ನು ಹೊಸಿಲ ಮೇಲಿಟ್ಟು, ಗುರುತಿನ ಪುಸ್ತಕವನ್ನು ಅದರ ಮೇಲಿಟ್ಟು, ಕಾಲಿಗೆ ಬುದ್ಧಿ ಹೇಳಿದ.

"ಬ್ಯಾಗು ನೋಡಿದ್ರೆ ಅರ್ಥ ಆಗತ್ತೆ ಅಂದ್ಕೊಂಡೆ" ಎಂದ ಅಜ್ಜ.

ಅವನು ಹೇಳಿದ್ದು ಸುಳ್ಳಲ್ಲ. ಬಂದರಿನಲ್ಲಿ ಮನುಷ್ಯನಿಲ್ಲದೆ ಅವನ ಬ್ಯಾಗು ಮಾತ್ರ ಮನೆಗೆ ಬಂದರೆ ಬೇರೆ ಯಾರೂ ಬಾಯಿ ಬಿಡಬೇಕಿಲ್ಲ. ಜೊತೆಯವರು ಬ್ಯಾಗನ್ನು ಹೊಸಿಲ ಮೇಲಿಟ್ಟು ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ನೋಡಿದ ಹೆಂಗಸು ಅಲ್ಲೇ ಕುಸಿಯುತ್ತಾಳೆ. ಹುಟ್ಟಿದಾಗಿನಿಂದ ಅದನ್ನೇ ಕಂಡು ಬೆಳೆದವನು ಅಜ್ಜ.

ಅಜ್ಜಿ ಟಾರ್ಪಾಲನ್ನು ಪಕ್ಕಕ್ಕೆ ಸರಿಸಿ ಎದ್ದು ಬಂದಳು. ಕೂಗಾಡಲಿಲ್ಲ. ಅಜ್ಜನಿಗೆ ಅದೇ ಹೆಚ್ಚು ಭಯವಾಯಿತು.

"ಅದು ನಮ್ಮೂರಿನ ಮಾತು ಕಣ್ರೀ. ಸಮುದ್ರಾನ ಕ್ಯಾಲೆಂಡರಲ್ಲಿ ಬಿಟ್ರೆ ಎಲ್ಲೂ ನೋಡದೇ ಇರೋರಿಗೆ ಅದು ಹೇಗೆ ತಿಳೀಬೇಕು? ಅವರ ಪಾಲಿಗೆ ಗಂಡ ಹಡಗಿಂದ ಇಳಿದಿದಾನೆ, ಸಹಿ ಮಾಡಿದಾನೆ, ಮನೆ ಬಾಗಿಲವರೆಗೂ ಬಂದಿದಾನೆ. ಬ್ಯಾಗ್ ಇಟ್ಟು, ಒಳಗೆ ಬರದೇ ಹೊರಟುಹೋಗಿದಾನೆ. ಅಷ್ಟೇ ಅಲ್ವಾ?"

ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅಜ್ಜನಿಗೆ ಇದು ಹೊಳೆದಿರಲಿಲ್ಲ. ಸತ್ತವನೊಬ್ಬನಿಗೆ ಗೋಡೆಯ ಮೇಲೆ ಜಾಗ ಉಳಿಸಿಕೊಡುತ್ತಿದ್ದೇನೆ, ಅಷ್ಟಾದರೂ ಮಾಡುತ್ತಿದ್ದೇನೆ ಎಂದು ವಾರವಾರವೂ ನೀರು ಹೊತ್ತಿದ್ದ ಮನುಷ್ಯ, ಸತ್ತವನಿಗೆ ಹೆಂಡತಿ ಮಗುವನ್ನು ಬಿಟ್ಟುಹೋದವನೆಂಬ ಹೆಸರನ್ನು ತಾನೇ ತಂದು ಕೊಟ್ಟಿದ್ದ. ಹಗ್ಗದ ರಾಶಿಯ ಮೇಲೆ ಕೂತು ಅಜ್ಜ ಅತ್ತ. ಅಜ್ಜಿ ಅವನನ್ನು ಅಳಲು ಬಿಟ್ಟಳು. ಆಮೇಲೆ ಬಿಲ್ಲಿನ ಪುಸ್ತಕದ ಹಿಂದಿನ ಹಾಳೆ ಹರಿದು ಪೆನ್ನಿನ ಜೊತೆ ಅವನ ಮುಂದಿಟ್ಟಳು.

ಕಾಗದ ಬರೆಯುವುದು ಹಗ್ಗ ಹೆಣೆದಷ್ಟು ಸುಲಭವಾಗಲಿಲ್ಲ. ಮೊದಲನೆಯದನ್ನು ಅಜ್ಜಿ ಓದಿ, "ಇದರಲ್ಲಿ ನಿಮ್ಮ ಕಷ್ಟಾನೇ ಜಾಸ್ತಿ ಇದೆ" ಎಂದು ಹರಿದಳು. ಎರಡನೆಯದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ ಎಂದು ಹರಿದಳು. ಮೂರನೆಯದರಲ್ಲಿ ದೋಣಿ, ಅದಲುಬದಲು, ಬ್ಯಾಗು, ತನ್ನ ಹೆಸರು, ತನ್ನ ವಿಳಾಸ, ಇಷ್ಟೇ ಇತ್ತು. ಅದನ್ನು ಮಡಿಸಿ ಲಕೋಟೆಗೆ ಹಾಕಿದಳು. ವಿಳಾಸವನ್ನು ಅಜ್ಜ ನೆನಪಿನಿಂದಲೇ ಬರೆದ. ಮನೆಯ ನಂಬರು ಕೂಡ ಮರೆತಿರಲಿಲ್ಲ.

ಅದೇ ದಿನ ಅಕ್ಷರದಕ್ಕನಿಗೂ ಸಮಿತಿಯ ಕಾರ್ಯದರ್ಶಿಗೂ ಎಲ್ಲ ಹೇಳಿಬಂದ. ಕಾರ್ಯದರ್ಶಿ ಕೆಟ್ಟವನಲ್ಲ, ಆದರೆ ಕಾಗದವಿಲ್ಲದೆ ಉಸಿರೂ ಬಿಡುವವನಲ್ಲ. "ಮನೆಯವರು ಯಾರಾದ್ರೂ ಬಂದು ಹೌದು ಅಂತ ಬರೆದುಕೊಟ್ರೆ ಹೊಸ ಹೆಸರು ಹಾಕ್ಬಹುದು. ಇಲ್ದಿದ್ರೆ ಆ ಕಲ್ಲಲ್ಲಿ ನಾಲ್ಕೇ ಹೆಸರು. ದಾಖಲೆ ಪ್ರಕಾರ ಆ ಮನುಷ್ಯ ಜೀವಂತ ದಡಕ್ಕೆ ಇಳಿದಿದಾನೆ ಅಜ್ಜ, ನೀವೇ ಇಳಿಸಿದೀರಿ" ಎಂದ. ಮುಖಕ್ಕೆ ಹೊಡೆದ ಹಾಗೆ ಹೇಳಿದರೂ ಹೇಳಿದ್ದು ನಿಜ.

ಒಂದು ವಾರವಾಯಿತು, ಎರಡಾಯಿತು. ಅಂಚೆಯವನು ಕೊಟ್ಟಿಗೆಯ ಮುಂದೆ ಸೈಕಲ್ಲು ನಿಲ್ಲಿಸದೇ ಹೋಗುತ್ತಿದ್ದ. ಅಜ್ಜ ಗೋಡೆ ತೊಳೆಯುವುದನ್ನು ಬಿಟ್ಟ. ಊಟಕ್ಕೆ ಕೂತವನು ಎದ್ದು ಬಾಗಿಲಿಗೆ ಬರುತ್ತಿದ್ದ. ಮೂರನೆಯ ವಾರ ಅಕ್ಷರದಕ್ಕ ಉಳಿದ ಕಲ್ಲುಗಳನ್ನೆಲ್ಲ ಮುಗಿಸಿ, ಆ ಕಲ್ಲಿನ ನಾಲ್ಕು ಹೆಸರನ್ನೂ ಕೆತ್ತಿ, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಉಳಿ ಕೆಳಗಿಟ್ಟಳು. "ಬರೋ ಸೋಮವಾರದವರೆಗೂ ಕಾಯ್ತೀನಿ ಅಜ್ಜ. ಆಮೇಲೆ ನನ್ನ ಕೈಲಿಲ್ಲ" ಎಂದಳು.

ಸೋಮವಾರ ಕಾಗದ ಬರಲಿಲ್ಲ. ನಡುಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಅಜ್ಜನ ಕಾಗದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದಳು: "ಬ್ಯಾಗ್ ಇಟ್ಟುಹೋದೋರು ನೀವೇನಾ?"

ಅಜ್ಜ ಎದ್ದು ನಿಂತ. "ಹೌದಮ್ಮ."

ಅಜ್ಜಿ ಕುರ್ಚಿ ಎಳೆದಳು. ಬಂದವಳು ಕೂರಲಿಲ್ಲ. ಕೊಟ್ಟ ನೀರನ್ನು ಮುಟ್ಟಲಿಲ್ಲ. ಅವಳು ಸಿಳ್ಳೆಯಣ್ಣನ ಮಗಳು, ಅವರೂರಿನ ಅಂಚೆ ಕಚೇರಿಯಲ್ಲೇ ಕೆಲಸ. ದಿನಾ ನೂರಾರು ಜನರ ಕಾಗದ ವಿಂಗಡಿಸುವವಳು ಈ ಕಾಗದವನ್ನು ಮೂರು ವಾರ ಡ್ರಾಯರಿನಲ್ಲಿಟ್ಟುಕೊಂಡು ದಿನಕ್ಕೊಮ್ಮೆ ಓದಿದ್ದಳಂತೆ.

"ಅವತ್ತು ಅಮ್ಮ ನನಗೆ ಸ್ನಾನ ಮಾಡಿಸ್ತಾ ಇದ್ರಂತೆ" ಎಂದಳು. "ಒಂದೇ ನಿಮಿಷ ಅಂದ್ರಂತೆ. ನನ್ನ ಮೈ ಒರೆಸಿ, ಎತ್ಕೊಂಡು ಬರೋವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇಲ್ಲ, ಬ್ಯಾಗ್ ಮಾತ್ರ. ಹಡಗಿನ ಕಂಪನಿಗೆ ಬರೆದು ಕೇಳಿದ್ರೆ ಆರೋಗ್ಯವಾಗಿ ಇಳಿದುಹೋದ ಅಂದ್ರು. ಸಾಯೋವರೆಗೂ ಅಮ್ಮ ಒಂದೇ ಮಾತು ಹೇಳ್ತಿದ್ರು. ನಾನು ಕೂಡ್ಲೇ ಬಾಗಿಲು ತೆಗೀಬೇಕಿತ್ತು, ತಡ ಮಾಡಿದೆ, ಅದಕ್ಕೇ ಹೊರಟುಹೋದ್ರು ಅಂತ. ನನ್ನ ಮೇಲೆ ಒಂದು ದಿನಾನೂ ತಪ್ಪು ಹಾಕ್ಲಿಲ್ಲ. ಆದ್ರೆ ತಡ ಆಗಿದ್ದು ಯಾರಿಂದ ಅಂತ ನನಗೆ ಗೊತ್ತಿತ್ತಲ್ಲ! ನನಗೆ ಸ್ನಾನ ಮಾಡಿಸ್ತಾ ಇದ್ದಿದ್ದಕ್ಕೆ ತಾನೇ?"

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಮ್ಮ ಹೋಗಿ ಆರು ವರ್ಷ ಆಯ್ತು. ನಿಮ್ಮ ಕಾಗದ ಅದಕ್ಕಿಂತ ಮೊದಲು ಬರಬೇಕಿತ್ತು."

"ಹೌದಮ್ಮ" ಎಂದ ಅಜ್ಜ. "ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ. ನಿಮ್ಮಪ್ಪ ನಿಮ್ಮನ್ನ ಬಿಟ್ಟು ಹೋಗ್ಲಿಲ್ಲ. ನಿಮ್ಮನ್ನ ಬಿಟ್ಟಿರೋಕಾಗದೇ ಆ ದೋಣಿ ಹತ್ತಿದ್ದು. ಇದೊಂದು ಮಾತು ನಿಮಗೆ ತಲುಪಿಸ್ಬೇಕಿತ್ತು. ತಲುಪಿಸೋ ಧೈರ್ಯ ನನಗಿರ್ಲಿಲ್ಲ."

ಅವಳು ಆಗ ಕೂತಳು. ಆಮೇಲೆ ನೀರು ಕುಡಿದು, ಬಾಯಿ ಒರೆಸಿಕೊಂಡು, "ಅಪ್ಪ ಹೇಗಿದ್ರು?" ಎಂದಳು.

ಅಜ್ಜ ನೆನಪಿದ್ದದ್ದನ್ನೆಲ್ಲ ಹೇಳಿದ. ಸಿಳ್ಳೆಯ ಕಾಟ ತಾಳಲಾರದೆ ಜೊತೆಯವರು ಅವನ ಬಾಯಿಗೆ ಒಮ್ಮೆ ಬಟ್ಟೆ ಕಟ್ಟಿದ್ದು, ಅವನು ಮೂಗಿನಲ್ಲೇ ರಾಗ ಎಳೆದದ್ದು. ಚಪ್ಪಲಿಯ ಪಟ್ಟಿ ಕಿತ್ತರೆ ತಂತಿಯಲ್ಲಿ ತಾನೇ ಹೊಲಿದುಕೊಳ್ಳುತ್ತಿದ್ದದ್ದು. ಮಗು ಹೆಣ್ಣೇ ಆಗುತ್ತದೆ ಎಂದು ಕಂಡಕಂಡವರ ಹತ್ತಿರ ಪಂದ್ಯ ಕಟ್ಟಿದ್ದು. ಅದನ್ನು ಕೇಳಿ ಅವಳು ನಕ್ಕಳು. ನಗು ಎಲ್ಲಿ ಅಳುವಾಯಿತೋ ಅವಳಿಗೇ ಗೊತ್ತಾಗಲಿಲ್ಲ. ಅಜ್ಜಿ ಅವಳ ಪಕ್ಕ ಕೂತು ಬೆನ್ನು ಸವರಿದಳು.

ಸಂಜೆಗೆ ಮುಂಚೆ ಮೂವರೂ ಗೋಡೆಯ ಹತ್ತಿರ ಹೋದರು. ಅಕ್ಷರದಕ್ಕ ತಾನು ಬಿಟ್ಟಿದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಸಿಳ್ಳೆಯಣ್ಣನ ಪೂರ್ತಿ ಹೆಸರನ್ನು ಬರೆದಳು. ಕಲ್ಲಿಗೆ ಏಟು ಬಿದ್ದ ಮೇಲೆ ತಿದ್ದಲಾಗುವುದಿಲ್ಲವಾದ್ದರಿಂದ ಮನೆಯವರು ನೋಡಿ ಸರಿಯೆನ್ನದೆ ಅವಳು ಉಳಿ ಎತ್ತುವುದಿಲ್ಲ. ಕಾರ್ಯದರ್ಶಿಯ ಕಾಗದಕ್ಕೆ ಮಗಳು ಸಹಿ ಹಾಕಿದಳು. ಇಷ್ಟು ವರ್ಷ ಯಾವ ಅರ್ಜಿಯಲ್ಲಿ ತಂದೆಯ ಹೆಸರು ಕೇಳಿದರೂ ಗೆರೆ ಎಳೆದು ಬಿಡುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಕಲ್ಲಿನ ಮುಂದೆ ನಿಂತು ಮೇಲಿನಿಂದ ಓದಿದಳು. ದೋಣಿಯ ಹೆಸರು, ಮುಳುಗಿದ ತಾರೀಖು, ನಾಲ್ಕು ಹೆಸರು, ಸೀಮೆಸುಣ್ಣದ ಐದನೆಯ ಹೆಸರು. ಓದಿ ಮುಗಿಸಿದವಳು ಮತ್ತೆ ತಾರೀಖಿಗೆ ಹೋದಳು.

"ಅಕ್ಕ, ಈ ತಾರೀಖು ಸರಿನಾ?"

"ಸರಿಯಮ್ಮ. ದೋಣಿ ವಾಪಸ್ ಬರ್ತಾ ಇತ್ತು. ಮುಳುಗೋದನ್ನ ದೂರದಿಂದ ಇನ್ನೊಂದು ದೋಣಿಯೋರು ನೋಡಿದಾರೆ. ಅವರು ಹತ್ತಿರ ಬರೋವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಯಾಕೆ, ಏನಾದ್ರೂ ತಪ್ಪಿದ್ಯಾ?"

ಅವಳು ಬೆರಳು ಮಡಚಿ ಎಣಿಸಿದಳು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದಳು. ಇನ್ನೇನು ತಪ್ಪು ಹೊರಬೀಳುತ್ತದೋ ಎಂದು ಅಜ್ಜ ಹೆದರಿ ಅಜ್ಜಿಯ ಮುಖ ನೋಡಿದ.

"ನಾನು ದಿನ ತುಂಬೋಕೆ ಮುಂಚೇನೇ ಹುಟ್ಟಿದ್ದು" ಎಂದಳು ಅವಳು, ಮೂವರನ್ನೂ ಒಬ್ಬೊಬ್ಬರಾಗಿ ನೋಡುತ್ತ. "ಈ ತಾರೀಖಿಗೆ ಮೂರು ದಿನ ಮೊದಲು. ಗೊತ್ತಾಯ್ತಾ? ನಾನು ಹುಟ್ಟಿದಾಗ ಅಪ್ಪ ಇದ್ರು. ದೋಣೀಲಿ ಇದ್ರು, ಮನೆಗೆ ಬರ್ತಾ ಇದ್ರು."

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅಜ್ಜನ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೂರು ದಿನ ನನಗೆ ಅಪ್ಪ ಇದ್ರು, ಅಜ್ಜ" ಎಂದಳು. "ಮೂರು ದಿನ."